ಐದನೇ ವಾರದಲ್ಲಿ ಒಂದು ಕೋರ್ಸ್ ಬಿಟ್ಟರೆ ಪೆಲ್, ಟ್ಯಾಗ್, ಸಾಲ ಏನಾಗುತ್ತೆ? ನ್ಯೂಜೆರ್ಸಿ

ಎಡಿಸನ್_ಅಮ್ಮ

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಮಗಳು ನ್ಯೂಜೆರ್ಸಿಯ ಸರ್ಕಾರಿ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ. ಮನೆಯವರದೆಲ್ಲ ಗ್ರೀನ್ ಕಾರ್ಡ್. 2025ರ ಫಾಲ್ ಸೆಮಿಸ್ಟರಿಗೆ 13 ಕ್ರೆಡಿಟ್ ತಗೊಂಡಿದ್ದಾಳೆ: ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬ್ ಸೇರಿ 4, ಸ್ಟ್ಯಾಟಿಸ್ಟಿಕ್ಸ್ 3, ರೈಟಿಂಗ್ 3, ಸೈಕಾಲಜಿ 3. ಕೆಮಿಸ್ಟ್ರಿಯ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ 42 ಬಂದಿದೆ. ಅಡ್ವೈಸರ್ "ಡಬ್ಲ್ಯೂ ತಗೋ, ಜಿಪಿಎಗೆ ಏನೂ ಆಗಲ್ಲ" ಅಂದಿದ್ದಾರೆ (ಡಬ್ಲ್ಯೂ ಅಂದರೆ ಕೋರ್ಸ್ ಮಧ್ಯದಲ್ಲಿ ಬಿಟ್ಟದ್ದಕ್ಕೆ ಗ್ರೇಡ್ ಜಾಗದಲ್ಲಿ ಬೀಳೋ ಗುರುತು, ಜಿಪಿಎ ಅಂದರೆ ಗ್ರೇಡುಗಳ ಸರಾಸರಿ). ಈಗ ಐದನೇ ವಾರ. ಆಡ್-ಡ್ರಾಪ್ (ದಾಖಲೆಯಲ್ಲಿ ಉಳಿಯದಂತೆ ಕೋರ್ಸ್ ಸೇರಿಸೋ, ಬಿಡೋ ಅವಧಿ) ಮುಗಿದಿದೆ, ವಿತ್‌ಡ್ರಾ ಮಾಡೋಕೆ ಇನ್ನೂ ಸಮಯ ಇದೆ. ಬಿಟ್ಟರೆ ಉಳಿಯೋದು 9 ಕ್ರೆಡಿಟ್.

ಸಿಗ್ತಿರೋ ನೆರವು ಇಷ್ಟು: ಪೆಲ್ (ಫೆಡರಲ್ ಸರ್ಕಾರದ ಗ್ರಾಂಟ್, ಸಾಲ ಅಲ್ಲ) ವರ್ಷಕ್ಕೆ 4,200 ಡಾಲರ್, ಅಂದರೆ ಸೆಮಿಸ್ಟರಿಗೆ 2,100. ಸಬ್ಸಿಡೈಸ್ಡ್ ಸಾಲ (ಓದುವಾಗ ಬಡ್ಡಿ ಸರ್ಕಾರದ್ದು) ವರ್ಷಕ್ಕೆ 4,500, ಸೆಮಿಸ್ಟರಿಗೆ 2,250. ರಾಜ್ಯದ ಟ್ಯಾಗ್ (ಟ್ಯೂಷನ್ ಏಡ್ ಗ್ರಾಂಟ್), ಜೊತೆಗೆ ಯೂನಿವರ್ಸಿಟಿಯದೇ ಒಂದು ಗ್ರಾಂಟ್. ಎಲ್ಲವೂ ಈ ಸೆಮಿಸ್ಟರಿಗೆ ಖಾತೆಗೆ ಬಿದ್ದಾಗಿದೆ. ಮೊದಲ ವರ್ಷ 30 ಕ್ರೆಡಿಟ್ ತಗೊಂಡು 27 ಮುಗಿಸಿದ್ದಾಳೆ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಆಗ ಡಿ ಬಂದಿತ್ತು, ಮೇಜರ್‌ಗೆ ಸಿ ಬೇಕು ಅಂತ ಮತ್ತೆ ತಗೊಂಡಿರೋದು.

ಕೆಮಿಸ್ಟ್ರಿ ಬಿಟ್ಟರೆ ಯಾವ ದುಡ್ಡು ವಾಪಸ್ ಕೊಡಬೇಕಾಗುತ್ತೆ? ಸ್ಪ್ರಿಂಗ್ ಸೆಮಿಸ್ಟರಿಗೆ ತೊಂದರೆ ಆಗುತ್ತಾ?

ಗೋಕಾಕ_ಫಾಲ್ಸ್

12ಕ್ಕಿಂತ ಕೆಳಗೆ ಇಳಿದರೆ ಫುಲ್‌ಟೈಮ್ ಅಲ್ಲ ಮೇಡಂ. 9 ಅಂದರೆ ಮುಕ್ಕಾಲು, ಪೆಲ್ ಕೂಡ ಮುಕ್ಕಾಲಿಗೆ ಇಳಿಯುತ್ತೆ. ಅಂದರೆ 525 ಡಾಲರ್ ವಾಪಸ್ ಕೊಡಬೇಕಾಗುತ್ತೆ.

ಲೆಕ್ಕಪತ್ರ

ಗೋಕಾಕ ಅವರು ಹೇಳಿದ 525 ಲೆಕ್ಕ ಸರಿ, ಆದರೆ ಅದು ಐದನೇ ವಾರಕ್ಕೆ ಅನ್ವಯಿಸೋ ಸಾಧ್ಯತೆ ಕಡಿಮೆ. ಇಲ್ಲಿ ಕ್ರೆಡಿಟ್ ಎಷ್ಟು ಅನ್ನೋದಕ್ಕಿಂತ ಯಾವ ದಿನ ಬಿಟ್ಟಿರಿ ಅನ್ನೋದು ಮುಖ್ಯ. ನಾಲ್ಕು ಕಡೆಯಿಂದ ದುಡ್ಡು ಬರ್ತಿದೆ, ನಾಲ್ವರೂ ಬೇರೆ ಬೇರೆ ದಿನ, ಬೇರೆ ಬೇರೆ ರೀತಿ ಎಣಿಸ್ತಾರೆ. ಹಾಗಾಗಿ ಒಂದೊಂದಾಗಿ ನೋಡಿ.

ಮೊದಲು ಪೆಲ್. 2023-24ರ ತನಕ ನಾಲ್ಕು ಮೆಟ್ಟಿಲು ಇತ್ತು: ಪೂರ್ತಿ, ಮುಕ್ಕಾಲು, ಅರ್ಧ, ಅರ್ಧಕ್ಕಿಂತ ಕಡಿಮೆ. 2024-25ರಿಂದ ಅದು ಹೋಗಿದೆ. ಈಗ ತಗೊಂಡ ಕ್ರೆಡಿಟ್ಟನ್ನು 12ರಿಂದ ಭಾಗಿಸಿ ಶೇಕಡಾವಾರು ಕೊಡ್ತಾರೆ, ಎನ್‌ರೋಲ್‌ಮೆಂಟ್ ಇಂಟೆನ್ಸಿಟಿ ಅಂತ ಹೆಸರು. 11 ಕ್ರೆಡಿಟ್ ಆದರೆ ಶೇ. 92, 10 ಆದರೆ 83, 9 ಆದರೆ 75, 8 ಆದರೆ 67, 7 ಆದರೆ 58, 6 ಆದರೆ 50. 12ರ ಮೇಲೆ ಎಷ್ಟೇ ತಗೊಂಡರೂ 100ರಲ್ಲೇ ನಿಲ್ಲುತ್ತೆ. ನಿಮ್ಮ ಮಗಳದು 13ರಿಂದ 9ಕ್ಕೆ ಬಂದರೆ 2,100 ಇದ್ದದ್ದು 1,575.

ಆದರೆ ಈ ಎಣಿಕೆಯನ್ನು ಸಾಮಾನ್ಯವಾಗಿ ಒಂದು ನಿಗದಿತ ದಿನ ಮಾಡಿ ಮುಗಿಸ್ತಾರೆ. ಅದಕ್ಕೆ ಸೆನ್ಸಸ್ ಡೇಟ್ ಅಥವಾ ಪೆಲ್ ರೀಕ್ಯಾಲ್ಕ್ಯುಲೇಶನ್ ಡೇಟ್ ಅಂತಾರೆ. ಬಹಳಷ್ಟು ಕಡೆ ಆಡ್-ಡ್ರಾಪ್ ಮುಗಿಯೋ ಹೊತ್ತಿಗೆ ಅದೂ ಮುಗಿದಿರುತ್ತೆ. ಆ ದಿನ 13 ಕ್ರೆಡಿಟ್ ಇದ್ದು, ಆ ಕ್ಲಾಸಿಗೆ ಅವಳು ಹೋಗಿದ್ದಳು ಅನ್ನೋದಕ್ಕೆ ದಾಖಲೆ ಇದ್ದರೆ, ಆಮೇಲೆ ಡಬ್ಲ್ಯೂ ತಗೊಂಡರೂ ಪೆಲ್ ಕದಲೋದಿಲ್ಲ. ಪರೀಕ್ಷೆ ಬರೆದಿದ್ದಾಳಲ್ಲ, 42 ಬಂದಿದ್ದರೂ ಹಾಜರಾತಿಗೆ ಅದೇ ಸಾಕ್ಷಿ. ಸೆಮಿಸ್ಟರ್ ಉದ್ದಕ್ಕೂ ಮತ್ತೆ ಮತ್ತೆ ಲೆಕ್ಕ ಹಾಕೋ ಕಾಲೇಜುಗಳೂ ಇವೆ, ಅದಕ್ಕೆ ನಿಯಮದಲ್ಲಿ ಅವಕಾಶ ಇದೆ. ಫೈನಾನ್ಷಿಯಲ್ ಏಡ್ ಆಫೀಸಿಗೆ ಒಂದೇ ಸಾಲಿನ ಮೇಲ್ ಬರೆಸಿ: "ಪೆಲ್ ರೀಕ್ಯಾಲ್ಕ್ಯುಲೇಶನ್ ಡೇಟ್ ಯಾವತ್ತು, ಆಮೇಲೆ ಹಾಜರಾದ ಕೋರ್ಸ್ ಬಿಟ್ಟರೆ ಮರುಲೆಕ್ಕ ಇದೆಯಾ?" ಫೋನಿನಲ್ಲಿ ಕೇಳೋದು ಬೇಡ, ಉತ್ತರ ಬರವಣಿಗೆಯಲ್ಲಿ ಇರಲಿ.

ಸಾಲ. ಫೆಡರಲ್ ಡೈರೆಕ್ಟ್ ಸಾಲಕ್ಕೆ ಅರ್ಧ ಸಮಯ, ಅಂದರೆ 6 ಕ್ರೆಡಿಟ್ ಸಾಕು. 9 ಇರೋದರಿಂದ ಈ ವರ್ಷ ಏನೂ ಆಗಲ್ಲ. 6ಕ್ಕಿಂತ ಕೆಳಗೆ ಇಳಿದರೆ ಮಾತ್ರ ಕಷ್ಟ: ಬಾಕಿ ಇರೋ ಕಂತು ಬಿಡುಗಡೆ ಆಗಲ್ಲ, 6 ತಿಂಗಳ ಗ್ರೇಸ್ ಪೀರಿಯಡ್ ಅವತ್ತಿಂದಲೇ ಓಡೋಕೆ ಶುರುವಾಗುತ್ತೆ. ಆದರೆ 2026 ಜುಲೈ 1ರಿಂದ ಕಾನೂನು ಬದಲಾಗ್ತಿದೆ. ಫುಲ್‌ಟೈಮ್‌ಗಿಂತ ಕಡಿಮೆ ಓದೋರಿಗೆ ವರ್ಷದ ಸಾಲದ ಮಿತಿಯನ್ನೂ ಅದೇ ಅನುಪಾತದಲ್ಲಿ ಇಳಿಸ್ತಾರೆ. ಮೂರನೇ ವರ್ಷದ ಪ್ಲಾನ್ ಮಾಡುವಾಗ ಇದು ನೆನಪಿರಲಿ.

ನನಗೆ ಯೋಚನೆ ಇರೋದು ಟ್ಯಾಗ್ ಮತ್ತು ಯೂನಿವರ್ಸಿಟಿ ಗ್ರಾಂಟ್ ಬಗ್ಗೆ. ನಾಲ್ಕು ವರ್ಷದ ಕಾಲೇಜಿನಲ್ಲಿ ಟ್ಯಾಗ್‌ಗೆ ಪ್ರತಿ ಸೆಮಿಸ್ಟರ್ 12 ಕ್ರೆಡಿಟ್ ಬೇಕು. ಪಾರ್ಟ್‌ಟೈಮ್ ಟ್ಯಾಗ್ ಇರೋದು ಕೌಂಟಿ ಕಾಲೇಜಿನವರಿಗೆ (ಎರಡು ವರ್ಷದ ಸ್ಥಳೀಯ ಕಾಲೇಜು). ಪೆಲ್ ಥರ 75 ಪರ್ಸೆಂಟ್ ಕೊಟ್ಟು ಸುಮ್ಮನಾಗೋದಲ್ಲ, 12 ಇದೆಯೋ ಇಲ್ಲವೋ ಅಷ್ಟೇ. ಯಾವ ದಿನದ ಎಣಿಕೆ ಹಿಡೀತಾರೆ ಅನ್ನೋದನ್ನೂ ಅದೇ ಮೇಲ್‌ನಲ್ಲಿ ಕೇಳಿಸಿ. ಯೂನಿವರ್ಸಿಟಿ ಗ್ರಾಂಟಿನ ಷರತ್ತು ಅವಾರ್ಡ್ ಲೆಟರಿನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಕೆಲವು ಕಡೆ ಸೆಮಿಸ್ಟರಿಗೆ 12, ಕೆಲವು ಕಡೆ ವರ್ಷಕ್ಕೆ 30 ಮುಗಿಸಿರಬೇಕು ಅಂತಿರುತ್ತೆ. ಎರಡನೇ ಥರದ್ದಾದರೆ ಈಗ ಏನೂ ಕಾಣಲ್ಲ, ಮುಂದಿನ ವರ್ಷದ ಗ್ರಾಂಟ್ ಹೋಗುತ್ತೆ.

ತುಂಗಾ_ತೀರ

ಲೆಕ್ಕಪತ್ರ ಅವರ ಮಾತಿಗೆ ಒಂದು ಸೇರಿಸ್ತೀನಿ. ಮೇಡಂ, 13 ಅಂತ ಪೋರ್ಟಲ್ ತೋರಿಸೋದನ್ನು ನಂಬಿ ಕೂರಬೇಡಿ. ಡಿಗ್ರಿಗೆ ಬೇಕಾದ ಕೋರ್ಸ್ ಮಾತ್ರ ಫೆಡರಲ್ ನೆರವಿನ ಎಣಿಕೆಗೆ ಬರುತ್ತೆ.

ಪೋರ್ಟಲ್‌ನಲ್ಲಿ ಡಿಗ್ರಿ ಆಡಿಟ್ ಅಂತ ಒಂದು ಪುಟ ಇರುತ್ತೆ. ಅದನ್ನು ತೆಗೆದು ಸೈಕಾಲಜಿ ಯಾವ ಖಾನೆಯಲ್ಲಿ ಕೂತಿದೆ ನೋಡಿ. ಜನರಲ್ ಎಜುಕೇಶನ್, ಮೇಜರ್, ಫ್ರೀ ಇಲೆಕ್ಟಿವ್, ಈ ಮೂರರಲ್ಲಿ ಎಲ್ಲಿದ್ದರೂ ಸರಿ. ಕೊನೆಯಲ್ಲಿ "ಬಳಕೆಯಾಗದ ಕೋರ್ಸುಗಳು" ಅನ್ನೋ ಅರ್ಥದ ಪಟ್ಟಿ ಒಂದು ಇರುತ್ತೆ. ಹೈಸ್ಕೂಲಿನ ಎಪಿ (ಕಾಲೇಜು ಮಟ್ಟದ ಕೋರ್ಸ್) ಕ್ರೆಡಿಟ್ ತುಂಬಾ ತಂದ ಮಕ್ಕಳಿಗೆ ಫ್ರೀ ಇಲೆಕ್ಟಿವ್ ಖಾನೆ ಬೇಗ ತುಂಬಿ, ಹೊಸ ಕೋರ್ಸ್ ಈ ಪಟ್ಟಿಗೆ ಜಾರಿರುತ್ತೆ. ಹಾಗಾಗಿದ್ದರೆ ನೆರವಿನ ಲೆಕ್ಕಕ್ಕೆ ಅವಳ ಹತ್ತಿರ ಇರೋದು 13 ಅಲ್ಲ, 10. ಕೆಮಿಸ್ಟ್ರಿ ಬಿಟ್ಟರೆ ಬರೀ 6. ಅರ್ಧ ಸಮಯದ ಗೆರೆಯ ಮೇಲೆ ನಿಂತಂಗೆ ಆಯ್ತು.

ಸ್ಟ್ಯಾಟಿಸ್ಟಿಕ್ಸ್ ಬಗ್ಗೆ: ಡಿ ಅಂದರೆ ಫೆಡರಲ್ ನಿಯಮದ ಪ್ರಕಾರ ಪಾಸು. ಪಾಸಾದ ಕೋರ್ಸನ್ನು ನೆರವಿನ ಎಣಿಕೆಯಲ್ಲಿ ಇಟ್ಟುಕೊಂಡು ಒಂದೇ ಒಂದು ಸಲ ಮತ್ತೆ ತಗೋಬಹುದು. ಈಗ ನಡೀತಿರೋದೇ ಆ ಒಂದು ಸಲ. ಈ ಬಾರಿ ಎಫ್ ಬಂದರೂ ಆ ಅವಕಾಶ ಮುಗಿದ ಹಾಗೇ, ಮೂರನೇ ಸಲ ತಗೊಂಡರೆ ಆ 3 ಕ್ರೆಡಿಟ್ ಎಣಿಕೆಗೆ ಬರಲ್ಲ. ಕೆಮಿಸ್ಟ್ರಿಗೆ ಈ ತೊಡಕಿಲ್ಲ. ಡಬ್ಲ್ಯೂ ಆಗಲಿ ಎಫ್ ಆಗಲಿ ಪಾಸಲ್ಲ, ಪಾಸಾಗೋ ತನಕ ಎಷ್ಟು ಸಲ ಬೇಕಾದರೂ ತಗೋಬಹುದು. ಹಾಗಾಗಿ ಕೆಮಿಸ್ಟ್ರಿ ಬಿಟ್ಟು ಸಿಗೋ ಸಮಯ ಸ್ಟ್ಯಾಟಿಸ್ಟಿಕ್ಸ್‌ಗೆ ಹೋಗಲಿ. ಈ ಸೆಮಿಸ್ಟರಲ್ಲಿ ಕೈ ಜಾರಬಾರದ ಕೋರ್ಸ್ ಅದು.

ಕ್ರೆಡಿಟ್ ಇಲ್ಲದೆ ಬರೀ ಕೂತು ಕೇಳೋ (ಆಡಿಟ್ ಮಾಡೋ) ಕೋರ್ಸ್, ಪರೀಕ್ಷೆ ಬರೆದು ಗಳಿಸೋ ಕ್ಲೆಪ್ ಕ್ರೆಡಿಟ್, ಇವನ್ನು ಹಾಕಿ 12 ತುಂಬಿಸೋಕೆ ಆಗಲ್ಲ. ಪಕ್ಕದ ಕೌಂಟಿ ಕಾಲೇಜಿನಲ್ಲಿ 3 ಕ್ರೆಡಿಟ್ ತಗೊಂಡರೂ, ಎರಡು ಕಾಲೇಜಿನ ನಡುವೆ ಕನ್ಸಾರ್ಟಿಯಂ ಅಗ್ರಿಮೆಂಟ್ (ಅಲ್ಲಿಯ ಕ್ರೆಡಿಟ್ಟನ್ನು ಇಲ್ಲಿ ನೆರವಿಗೆ ಎಣಿಸೋ ಒಪ್ಪಂದ) ಸಹಿ ಆಗದಿದ್ದರೆ ಅದೂ ಲೆಕ್ಕಕ್ಕಿಲ್ಲ.

ಕ್ಯಾಂಪಸ್_ಕನ್ನಡತಿ

ಸ್ಪ್ರಿಂಗ್ ಬಗ್ಗೆ ಕೇಳಿದ್ರಲ್ಲ ಅಕ್ಕ, ಅಲ್ಲಿ ನೋಡಬೇಕಾದ್ದು ಸ್ಯಾಪ್. ಓದು ಸಮಾಧಾನಕರವಾಗಿ ಮುಂದೆ ಸಾಗ್ತಿದೆಯಾ ಅನ್ನೋ ಫೆಡರಲ್ ಪರೀಕ್ಷೆ ಇದು, ಹೆಚ್ಚಿನ ಕಾಲೇಜುಗಳು ಸೆಮಿಸ್ಟರಿಗೆ ಅಥವಾ ವರ್ಷಕ್ಕೆ ಒಂದು ಸಲ ನೋಡ್ತವೆ. "ಡಬ್ಲ್ಯೂದಿಂದ ಜಿಪಿಎಗೆ ಏನೂ ಆಗಲ್ಲ" ಅನ್ನೋದು ನಿಜ. ಆದರೆ ಸ್ಯಾಪ್‌ನಲ್ಲಿ ಜಿಪಿಎ ಒಂದು ಭಾಗ ಅಷ್ಟೇ. ಇನ್ನೊಂದು ಭಾಗ ವೇಗ: ತಗೊಂಡ ಕ್ರೆಡಿಟ್‌ನಲ್ಲಿ ಎಷ್ಟು ಮುಗಿಸಿದ್ದಾಳೆ. ಬಹಳಷ್ಟು ಕಡೆ ಶೇ. 67 ಬೇಕು. ಡಬ್ಲ್ಯೂ ಆದ ಕೋರ್ಸ್ "ತಗೊಂಡದ್ದರಲ್ಲಿ" ಸೇರುತ್ತೆ, "ಮುಗಿಸಿದ್ದರಲ್ಲಿ" ಸೇರಲ್ಲ. ಆಡ್-ಡ್ರಾಪ್ ಒಳಗೆ ಬಿಟ್ಟಿದ್ದರೆ ಎರಡರಲ್ಲೂ ಇರ್ತಿರಲಿಲ್ಲ.

ನಿಮ್ಮ ಅಂಕಿ ಹಾಕಿ ನೋಡೋಣ. ಮೊದಲ ವರ್ಷ 27/30. ಈ ಸೆಮಿಸ್ಟರ್ 13ರಲ್ಲಿ 9 ಮುಗಿಸಿದರೆ 36/43, ಹತ್ತಿರ ಹತ್ತಿರ ಶೇ. 84. ಸ್ಟ್ಯಾಟಿಸ್ಟಿಕ್ಸ್ ಎರಡು ಸಲ ಮುಗಿಸಿದ ಹಾಗೆ ಎಣಿಸದ ಕಾಲೇಜಾದರೆ 33/43, ಸುಮಾರು ಶೇ. 77. ಎರಡೂ 67ರ ಮೇಲಿದೆ, ಸ್ಪ್ರಿಂಗ್‌ಗೆ ಭಯ ಇಲ್ಲ. ಆದರೆ ಸ್ಪ್ರಿಂಗ್‌ನಲ್ಲಿ 15 ತಗೊಂಡು 7 ಬಿಟ್ಟರೆ ಈ ಎರಡನೇ ಲೆಕ್ಕದಲ್ಲಿ 41/58, ಶೇ. 71ಕ್ಕೂ ಕಡಿಮೆ. ಒಂದು ಡಬ್ಲ್ಯೂ ತಡೆಯುತ್ತೆ, ಅದು ಅಭ್ಯಾಸ ಆದರೆ ತಡೆಯಲ್ಲ.

ಇನ್ನೊಂದು ಗಡಿ ಶೇ. 150ರದ್ದು. ಡಿಗ್ರಿಗೆ 120 ಕ್ರೆಡಿಟ್ ಅಂದರೆ 180 ಕ್ರೆಡಿಟ್ ಪ್ರಯತ್ನದ ಒಳಗೆ ಮುಗೀಬೇಕು. ಪೆಲ್‌ಗೂ ಜೀವಮಾನದ ಮಿತಿ ಶೇ. 600, ಅಂದರೆ 12 ಪೂರ್ತಿ ಸೆಮಿಸ್ಟರ್. ಈ ಸೆಮಿಸ್ಟರಿನ ಪೆಲ್ ಪೂರ್ತಿ ಉಳಿದರೆ ಅದರಲ್ಲಿ ಶೇ. 50 ಖರ್ಚಾಗುತ್ತೆ, ಕೆಮಿಸ್ಟ್ರಿ ಮುಗಿಸದೇ ಹೋದರೂ ಸಹ.

ಎಡಿಸನ್_ಅಮ್ಮ

ತುಂಬಾ ಉಪಕಾರ ಆಯ್ತು. ಡಿಗ್ರಿ ಆಡಿಟ್ ನೋಡಿಸಿದೆ, ಸೈಕಾಲಜಿ ಜನರಲ್ ಎಜುಕೇಶನ್ ಖಾನೆಯಲ್ಲೇ ಇದೆ. ಎರಡು ಪ್ರಶ್ನೆ ಉಳಿದಿದೆ. ಸೆಮಿಸ್ಟರಿನ ಎರಡನೇ ಅರ್ಧದಲ್ಲಿ ಶುರುವಾಗೋ 3 ಕ್ರೆಡಿಟ್ ಕೋರ್ಸ್ ಒಂದು ಖಾಲಿ ಇದೆಯಂತೆ, ಅದನ್ನು ಸೇರಿಸಿದರೆ 12 ಆಗುತ್ತಾ? ಮತ್ತೆ, ಮಗಳು ಬೇಸರದಲ್ಲಿ ಈ ಸೆಮಿಸ್ಟರೇ ಪೂರ್ತಿ ಬಿಟ್ಟು ಜನವರಿಯಲ್ಲಿ ಸೇರ್ತೀನಿ ಅಂತಾಳೆ. ಅದು ಸರೀನಾ?

ಲೆಕ್ಕಪತ್ರ

ಮೊದಲನೆಯದಕ್ಕೆ: ಆಗುತ್ತೆ, ಅದು ಅವಳ ಡಿಗ್ರಿಗೆ ಬೇಕಾದ ಕೋರ್ಸ್ ಆಗಿದ್ದರೆ. ಟ್ಯಾಗ್ ಉಳಿಸೋಕೆ ಇದೇ ಒಳ್ಳೆ ದಾರಿ ಅನ್ನಿಸುತ್ತೆ, ಆದರೆ ಟ್ಯಾಗ್ ಎಣಿಕೆಗೆ ಆ ಕೋರ್ಸ್ ಹಿಡೀತಾರಾ ಅಂತ ಮೊದಲು ಕೇಳಿ. ಕ್ರಮ ಮುಖ್ಯ. ಮೊದಲು ಹೊಸ ಕೋರ್ಸಿಗೆ ರಿಜಿಸ್ಟರ್ ಆಗಿ, ಪೋರ್ಟಲ್‌ನಲ್ಲಿ 16 ಕಾಣಲಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಕೆಮಿಸ್ಟ್ರಿ ವಿತ್‌ಡ್ರಾ. ತಿರುಗಾಮುರುಗಾ ಮಾಡಿದರೆ ಮಧ್ಯೆ ಒಂದು ದಿನ 9 ಕಂಡರೂ ಸಾಕು, ಸಿಸ್ಟಮ್ ತಾನೇ ಟ್ಯಾಗ್ ತೆಗೆದು ಹಾಕಬಹುದು, ಮತ್ತೆ ಹಾಕಿಸೋಕೆ ವಾರಗಟ್ಟಲೆ ಅಲೆದಾಟ. 16 ಕ್ರೆಡಿಟ್‌ಗೆ ಹೆಚ್ಚಿನ ಫೀಸ್ ಬೀಳುತ್ತಾ ಅಂತಲೂ ನೋಡಿ. 12ರಿಂದ ಮೇಲೆ ಒಂದೇ ಫೀಸ್ ಇರೋ ಕಾಲೇಜಾದರೆ ತೊಂದರೆ ಇಲ್ಲ. ಹೊಸ ಕೋರ್ಸ್ ಶುರುವಾದ ಮೊದಲ ವಾರದಲ್ಲೇ ಒಂದು ಅಸೈನ್‌ಮೆಂಟ್ ಸಲ್ಲಿಸಲಿ. ಆನ್‌ಲೈನ್ ಕೋರ್ಸಿಗೆ ಬರೀ ಲಾಗಿನ್ ಆದರೆ ಹಾಜರಾತಿ ಅಲ್ಲ. ಒಮ್ಮೆಯೂ ಹಾಜರಾಗದ ಕೋರ್ಸನ್ನು ಕಾಲೇಜು ಎಣಿಕೆಯಿಂದ ತೆಗೀಲೇಬೇಕು, ಅಲ್ಲಿ ಸೆನ್ಸಸ್ ಡೇಟ್ ಕಾಪಾಡಲ್ಲ.

ಎರಡನೆಯದು ದಯವಿಟ್ಟು ಬೇಡ. ಒಂದು ಕೋರ್ಸ್ ಬಿಡೋದಕ್ಕೂ ಎಲ್ಲಾ ಬಿಡೋದಕ್ಕೂ ಅಜಗಜಾಂತರ. ಎಲ್ಲಾ ಬಿಟ್ಟರೆ ರಿಟರ್ನ್ ಆಫ್ ಟೈಟಲ್ ಫೋರ್ (ಫೆಡರಲ್ ನೆರವು ವಾಪಸ್ ಮಾಡೋ ನಿಯಮ) ಅನ್ನೋ ಲೆಕ್ಕ ಶುರುವಾಗುತ್ತೆ. ಸೆಮಿಸ್ಟರಿನ ಎಷ್ಟು ದಿನ ಓದಿದಳೋ ಅಷ್ಟೇ ಪಾಲು ದುಡ್ಡು ಅವಳದು.

ಸೆಮಿಸ್ಟರ್ 110 ದಿನ, ಬಿಟ್ಟದ್ದು 33ನೇ ದಿನ ಅಂತಿಟ್ಟುಕೊಳ್ಳಿ. ಶನಿವಾರ, ಭಾನುವಾರ ಸೇರಿಸಿಯೇ ದಿನ ಎಣಿಸ್ತಾರೆ. 33/110 ಅಂದರೆ ಶೇ. 30. ಸಾಲದ ಪ್ರೊಸೆಸಿಂಗ್ ಫೀಸ್ ಪಕ್ಕಕ್ಕಿಟ್ಟರೆ ಪೆಲ್ 2,100, ಸಾಲ 2,250, ಒಟ್ಟು 4,350. ಅದರಲ್ಲಿ ಶೇ. 30, 1,305 ಡಾಲರ್ ಮಾತ್ರ ಅವಳಿಗೆ ಸಂದದ್ದು. ಉಳಿದ 3,045 ಸರ್ಕಾರಕ್ಕೆ ವಾಪಸ್. ಕಾಲೇಜಿನ ಫೀಸ್ 8,000 ಅಂದುಕೊಂಡರೆ ಅದರ ಶೇ. 70 ಅಂದರೆ 5,600, ಇದು 3,045ಕ್ಕಿಂತ ಜಾಸ್ತಿ. ಹಾಗಾಗಿ ಪೂರ್ತಿ 3,045 ಕಾಲೇಜೇ 45 ದಿನದೊಳಗೆ ಕಟ್ಟುತ್ತೆ: ಮೊದಲು ಸಾಲದ 2,250, ಆಮೇಲೆ ಪೆಲ್‌ನಿಂದ 795. ಕಾಲೇಜು ಕಟ್ಟಿತಲ್ಲ, ಬಚಾವಾದೆವು ಅಂದುಕೊಳ್ಳೋದೇ ತಪ್ಪು. ಐದನೇ ವಾರಕ್ಕೆ ಫೀಸ್ ರಿಫಂಡ್ ಅವಧಿ ಬಹುತೇಕ ಮುಗಿದಿರುತ್ತೆ, ಆದ್ದರಿಂದ ಆ 3,045 ಅಷ್ಟೂ ಅವಳ ಸ್ಟೂಡೆಂಟ್ ಅಕೌಂಟಿನಲ್ಲಿ ಬಾಕಿಯಾಗಿ ಕೂರುತ್ತೆ. ನಿಧಾನಕ್ಕೆ ತೀರಿಸಬಹುದಾಗಿದ್ದ 2,250 ಸಾಲ ಈಗಲೇ ಕಟ್ಟಬೇಕಾದ ಬಾಕಿ ಆಯ್ತು. ಕಟ್ಟದಿದ್ದರೆ ರಿಜಿಸ್ಟ್ರೇಶನ್ ಹೋಲ್ಡ್ ಬಿದ್ದು, ಜನವರಿಯಲ್ಲಿ ಸೇರೋದೇ ಕಷ್ಟ ಆಗಬಹುದು. ಟ್ಯಾಗ್ ಮತ್ತು ಯೂನಿವರ್ಸಿಟಿ ಗ್ರಾಂಟಿನ ಲೆಕ್ಕ ಬೇರೆ, ಅದು ಇದರ ಮೇಲೆ.

ಶೇ. 60 ದಾಟಿದ ಮೇಲೆ, ಅಂದರೆ 110 ದಿನದ ಸೆಮಿಸ್ಟರಿನಲ್ಲಿ 67ನೇ ದಿನದಿಂದ, ಪೂರ್ತಿ ದುಡ್ಡು ಗಳಿಸಿದ ಹಾಗೆ. ಸತತ 5 ದಿನ ಅಥವಾ ಹೆಚ್ಚು ರಜೆ ಇದ್ದರೆ ಆ ದಿನಗಳನ್ನು ಎರಡೂ ಕಡೆಯಿಂದ ಕಳೀತಾರೆ. ಥ್ಯಾಂಕ್ಸ್‌ಗಿವಿಂಗ್ ರಜೆ ಗುರುವಾರದಿಂದ ಭಾನುವಾರ ಅಂದರೆ 4 ದಿನ, ಕಳೆಯಲ್ಲ. ಬುಧವಾರದಿಂದ ಕೊಟ್ಟರೆ 5 ದಿನ, ಕಳೀತಾರೆ.

ಹೇಳದೇ ಕೇಳದೇ ಕ್ಲಾಸಿಗೆ ಹೋಗೋದು ನಿಲ್ಲಿಸೋದು ಇನ್ನೂ ಕೆಟ್ಟದ್ದು. ಎಲ್ಲಾ ಕೋರ್ಸಿನಲ್ಲೂ ಎಫ್ ಬಂದರೆ ಕಾಲೇಜು ಮಧ್ಯದಲ್ಲೇ ಬಿಟ್ಟಿರಬಹುದು ಅಂತ ಹುಡುಕುತ್ತೆ. ಕೊನೇ ಹಾಜರಾತಿ ಸಿಗದಿದ್ದರೆ ಶೇ. 50ಕ್ಕೆ ಬಿಟ್ಟಳು ಅಂತ ಹಿಡಿದು ಇದೇ ಲೆಕ್ಕ ಹಾಕಬಹುದು. ಜೊತೆಗೆ ಜಿಪಿಎ ಕೂಡ ಮುಳುಗುತ್ತೆ.

ಗೋಕಾಕ_ಫಾಲ್ಸ್

ಶೇಕಡಾವಾರು ಲೆಕ್ಕ ಬಂದದ್ದು ಗೊತ್ತಿರಲಿಲ್ಲ, ತಿದ್ದಿದ್ದಕ್ಕೆ ಧನ್ಯವಾದ. ತೆರಿಗೆ ಕಡೆಯದು ನಾನು ಹೇಳ್ತೀನಿ. ವರ್ಷಕ್ಕೆ 2,500 ಡಾಲರ್ ತನಕ ಸಿಗೋ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್‌ಗೆ ಆ ವರ್ಷ ಒಂದು ಅವಧಿಯಾದರೂ ಅರ್ಧ ಸಮಯ ಓದಿದ್ದರೆ ಸಾಕು, ಉಳಿದ ಷರತ್ತು ಬೇರೆ. 9 ಇದ್ದರೆ ಆತಂಕ ಇಲ್ಲ. 529 ಖಾತೆಯಿಂದ (ಓದಿಗೆ ಅಂತ ತೆರಿಗೆ ರಿಯಾಯಿತಿಯಲ್ಲಿ ಉಳಿಸೋ ಖಾತೆ) ಹಾಸ್ಟೆಲ್, ಊಟಕ್ಕೆ ದುಡ್ಡು ತೆಗೀತಿದ್ದರೆ ಅದಕ್ಕೂ ಅರ್ಧ ಸಮಯ ಬೇಕು. 529ನಿಂದ ಕಟ್ಟಿದ ಫೀಸ್ ಕಾಲೇಜು ವಾಪಸ್ ಕೊಟ್ಟರೆ 60 ದಿನದೊಳಗೆ ಖಾತೆಗೆ ಮತ್ತೆ ತುಂಬಿ.

ದಾವಣಗೆರೆ_ಟು_ಡಲ್ಲಾಸ್

ಇದನ್ನು ಓದುತ್ತಿರೋ ಎಫ್-1 (ವಿದ್ಯಾರ್ಥಿ) ವೀಸಾದ ಪದವಿ ವಿದ್ಯಾರ್ಥಿಗಳಿಗೆ ಒಂದು ಮಾತು. ನಮಗೆ ಫೆಡರಲ್ ನೆರವು ಇಲ್ಲ, ಎಚ್-4 (ಎಚ್-1ಬಿ ಕೆಲಸದ ವೀಸಾದವರ ಅವಲಂಬಿತ) ಮಕ್ಕಳಿಗೂ ಇಲ್ಲ. ಅಪ್ಪ ಅಮ್ಮ ಎಚ್-1ಬಿ ಇದ್ದು ಮಗು ಇಲ್ಲೇ ಹುಟ್ಟಿದ್ದರೆ ಮಗುವಿಗೆ ಅರ್ಹತೆ ಉಂಟು, ಫಾಫ್ಸಾ (ಫೆಡರಲ್ ನೆರವಿನ ಅರ್ಜಿ) ನೋಡೋದು ವಿದ್ಯಾರ್ಥಿಯ ಪೌರತ್ವವನ್ನು. ಆದರೆ ಎಫ್-1ನವರಿಗೆ 12 ಕ್ರೆಡಿಟ್ ದುಡ್ಡಿನ ಪ್ರಶ್ನೆ ಅಲ್ಲ, ವೀಸಾದ ಪ್ರಶ್ನೆ. ಮೇಲಿನ "ಡಬ್ಲ್ಯೂ ತಗೊಂಡು 9ರಲ್ಲಿ ಇರಬಹುದು" ಅನ್ನೋ ಸಲಹೆ ನಿಮಗಲ್ಲ. ಮೊದಲು ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಓ (ವೀಸಾ ವಿಚಾರ ನೋಡೋ ಅಧಿಕಾರಿ) ಹತ್ತಿರ ರೆಡ್ಯೂಸ್ಡ್ ಕೋರ್ಸ್ ಲೋಡ್ (ಕಡಿಮೆ ಕ್ರೆಡಿಟ್ ಓದೋ) ಅನುಮತಿ ಪಡೆದು, ಅದು ಸೆವಿಸ್ ಅನ್ನೋ ಸರ್ಕಾರಿ ದಾಖಲೆ ವ್ಯವಸ್ಥೆಯಲ್ಲಿ ಏರಿದ ಮೇಲೆ ಮಾತ್ರ ಕೋರ್ಸ್ ಬಿಡಿ. ಆನ್‌ಲೈನ್ ಕೋರ್ಸ್ ಹಾಕಿ 12 ತುಂಬಿಸೋದಾದರೆ ಸೆಮಿಸ್ಟರಿಗೆ ಒಂದೇ ಕೋರ್ಸ್ ಅಥವಾ 3 ಕ್ರೆಡಿಟ್ ಮಾತ್ರ ಎಣಿಕೆಗೆ ಬರುತ್ತೆ.

ಎಡಿಸನ್_ಅಮ್ಮ

ಪೂರ್ತಿ ಬಿಡೋ ವಿಚಾರ ಕೈಬಿಟ್ಟಾಯ್ತು. ಮೊದಲು ಮೇಲ್, ಉತ್ತರ ಬಂದಮೇಲೆ ಎರಡನೇ ಅರ್ಧದ ಕೋರ್ಸ್ ಸೇರಿಸಿ ಆಮೇಲೆ ಕೆಮಿಸ್ಟ್ರಿ. ಕೆಮಿಸ್ಟ್ರಿಯನ್ನು ಬೇಸಿಗೆಯಲ್ಲಿ ತಗೊಂಡರೆ ಪೆಲ್ ಸಿಗುತ್ತಾ?

ಕ್ಯಾಂಪಸ್_ಕನ್ನಡತಿ

ಸಿಗಬಹುದು ಅಕ್ಕ, ಒಂದು ಷರತ್ತಿದೆ. ಫಾಲ್, ಸ್ಪ್ರಿಂಗ್ ಎರಡರಲ್ಲೂ ಪೂರ್ತಿ ಪೆಲ್ ತಗೊಂಡರೆ ವರ್ಷದ ಪಾಲು ಶೇ. 100 ಮುಗಿದಿರುತ್ತೆ. ಅದರ ಮೇಲೆ ವರ್ಷಕ್ಕೆ ಶೇ. 150ರ ತನಕ ಹೆಚ್ಚುವರಿ ಪೆಲ್ ಇದೆ, ಆದರೆ ಅದಕ್ಕೆ ಬೇಸಿಗೆಯಲ್ಲಿ ಕನಿಷ್ಠ 6 ಕ್ರೆಡಿಟ್ ಇರಬೇಕು. ಕೆಮಿಸ್ಟ್ರಿ 4 ಮಾತ್ರ ಆದರೆ ಏನೂ ಸಿಗಲ್ಲ. ಡಿಗ್ರಿಗೆ ಬೇಕಾದ ಇನ್ನೊಂದು 3 ಕ್ರೆಡಿಟ್ ಸೇರಿಸಿ 7 ಮಾಡಿದರೆ ಶೇ. 58, ಅಂದರೆ 2,100ರಲ್ಲಿ 1,218 ಡಾಲರ್. ಸಾಲದಲ್ಲೂ ಜಾಗ ಇದೆ: ಎರಡನೇ ವರ್ಷದ ಮಿತಿ 6,500, ಅವಳು ತಗೊಂಡಿರೋದು 4,500, ಉಳಿದ 2,000 ಬಡ್ಡಿ ಸಬ್ಸಿಡಿ ಇಲ್ಲದ್ದು. ಕೆಲವು ಕಾಲೇಜುಗಳು ಬೇಸಿಗೆ ನೆರವಿಗೆ ಬೇರೆ ಅರ್ಜಿ ಕೇಳ್ತವೆ, ಸ್ಪ್ರಿಂಗ್‌ನಲ್ಲೇ ವಿಚಾರಿಸಿ. ಬೇಸಿಗೆ ಜುಲೈ 1ನ್ನು ದಾಟೋದರಿಂದ ಯಾವ ವರ್ಷದ ಫಾಫ್ಸಾ ಹಿಡೀತಾರೆ ಅಂತಲೂ ಕೇಳಿ. ಮುಂದಿನ ವರ್ಷದ್ದಾದರೆ 2026-27ರ ಫಾಫ್ಸಾ ಅಷ್ಟರೊಳಗೆ ತುಂಬಿರಬೇಕು.